ಕಾಯಿಲ್ ಬದಲಿಸುವ ಮುನ್ನ ಕನೆಕ್ಟರ್ ನೋಡಿ

ಮಳೆಗಾಲದಲ್ಲಿ ಬೈಕ್ ನಡುದಾರಿಯಲ್ಲಿ ಕೆಮ್ಮಿ ನಿಂತರೆ ನಮ್ಮ ಕಡೆ ಮೊದಲು ಬೈಗುಳ ತಿನ್ನುವುದು ಪೆಟ್ರೋಲ್, ಆಮೇಲೆ ಪ್ಲಗ್, ಕೊನೆಗೆ ಇಗ್ನಿಷನ್ ಕಾಯಿಲ್. ಟ್ಯಾಂಕಿನ ಅಡಿಯಲ್ಲಿ ಕೂತ ಬೆರಳುದ್ದದ ಕನೆಕ್ಟರ್ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ನಮ್ಮೂರು ಕುಂಚಾವರಂ. ಚಿಂಚೋಳಿ ತಾಲ್ಲೂಕಿನ ಕಾಡಿನೂರು, ಅತ್ತ ದಾಟಿದರೆ ತೆಲಂಗಾಣ. ನಮ್ಮ ಕಾಕಾ ಬೈಕಿಗೆ ಬುಟ್ಟಿ ಕಟ್ಟಿಕೊಂಡು ಸುತ್ತಲಿನ ತಾಂಡಾಗಳಿಗೆ ತರಕಾರಿ ಒಯ್ದು ಮಾರುತ್ತಾರೆ. ಗಾಡಿ ನಿಂತರೆ ಸೊಪ್ಪು ಬಾಡುತ್ತದೆ, ಅವತ್ತಿನ ಬಂಡವಾಳವೇ ಹೋಗುತ್ತದೆ. ಹೋದ ಮಳೆಗಾಲದಲ್ಲಿ ‘ಕಾಯಿಲ್ ಹೋಗ್ಯದ’ ಅನ್ನಿಸಿಕೊಂಡು ಎರಡು ಸಲ ಹೊಸದು ಹಾಕಿಸಿದರು. ಎರಡು ಸಲವೂ ವಾರ ಚೆನ್ನಾಗಿ ಓಡಿತು, ಮತ್ತೆ ಅದೇ ರಗಳೆ. ನಾನು ರಜೆಗೆ ಹೋದಾಗ, ‘ಕರೆಂಟಿಂದೇ ಓದ್ಲಕತ್ತೀಯಲ್ಲ ತಮ್ಮಾ, ಇದೂ ಕರೆಂಟೇ ಅದ, ನೋಡು’ ಅಂದರು.

ತೆಗೆದಿಟ್ಟ ಹಳೆಯ ಕಾಯಿಲ್‌ಗಳಿಗೆ ಮಲ್ಟಿಮೀಟರ್ ಹಿಡಿದೆ. ಹೊಸದರಲ್ಲಿ ಬಂದ ಓದೇ ಅವುಗಳಲ್ಲೂ ಬಂತು. ಆದರೆ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟಿತ್ತು. ಕಾಯಿಲ್ ಬದಲಿಸಬೇಕಾದರೆ ಕನೆಕ್ಟರ್ ಕಿತ್ತು ಮತ್ತೆ ಚುಚ್ಚಲೇಬೇಕಲ್ಲ? ಆ ಉಜ್ಜಾಟಕ್ಕೇ ಕಿಲುಬು ಸ್ವಲ್ಪ ಹೋಗಿ ಗಾಡಿ ಓಡುತ್ತದೆ, ಹೆಸರು ಮಾತ್ರ ಹೊಸ ಕಾಯಿಲಿಗೆ. ಇದು ಹೊಳೆದಾಗ ನನಗೆ ಸೆಮಿಸ್ಟರ್ ಪಾಸಾದಷ್ಟು ಖುಷಿ!

ಕಾಯಿಲ್ ಎಂದರೆ 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ ತತ್ವವೇ. ದಪ್ಪ ತಂತಿಯ ಕೆಲವೇ ಸುತ್ತು, ಅದರ ಜೊತೆ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಮೊದಲನೆಯದರಲ್ಲಿ ಕರೆಂಟ್ ತಟ್ಟನೆ ಬದಲಾದರೆ ಎರಡನೆಯದರಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಹಳೆಯ ಗಾಡಿಯಲ್ಲಿ ಸಿಡಿಐ ಡಬ್ಬಿ ಈ ಕೆಲಸ ಮಾಡಿಸುತ್ತದೆ, ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಇಸಿಯು. ಹೊಸ ಬಗೆಯದರ ಲೆಕ್ಕ ಸುಲಭ: 12 ವೋಲ್ಟ್, ಕಾಯಿಲಿನ ರೋಧ 3 ಓಮ್ ಅಂತ ಇಟ್ಟುಕೊಂಡರೆ ಕರೆಂಟ್ 4 ಆಂಪಿಯರ್‌ವರೆಗೆ ಏರಬಲ್ಲದು. ಕಿಲುಬು ಒಂದೇ ಒಂದು ಓಮ್ ಸೇರಿಸಿದರೆ 3ಕ್ಕೆ ಇಳಿಯುತ್ತದೆ. ಕಾಯಿಲಿನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿರುವುದರಿಂದ 16 ಪಾಲಿದ್ದದ್ದು 9 ಪಾಲಾಯಿತು. ಒಂದು ಓಮ್‌ಗೆ ಹತ್ತಿರ ಹತ್ತಿರ ಅರ್ಧ ಕಿಡಿ ಮಾಯ.

ಹಾಗಂತ ಕಾಯಿಲ್ ಕೆಡುವುದೇ ಇಲ್ಲ ಅಂತಲ್ಲ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ತಾನೇ ಸ್ಟಾರ್ಟ್ ಆದರೆ ಕಾಯಿಲ್ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗ ಮೀಟರ್ ಸರಿಯಾಗಿಯೇ ತೋರಿಸಬಹುದು, ಅದನ್ನು ಪೂರ್ತಿ ನಂಬಬೇಡಿ. ಗುಂಡಿಗೆ ಬಿದ್ದಾಗ, ಹ್ಯಾಂಡಲ್ ತಿರುಗಿಸಿದಾಗ, ಮಳೆ ಬಿದ್ದಾಗ ಕೆಮ್ಮಿದರೆ ವೈರು, ಕನೆಕ್ಟರ್ ಹುಡುಕಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಕಾಯಿಲಿಗೆ ಬರುವ ಸಣ್ಣ ವೈರುಗಳನ್ನು ಒಣ ಕಟ್ಟಿಗೆಯಿಂದ ಮೆಲ್ಲಗೆ ಅಲ್ಲಾಡಿಸಿದರೆ ಸದ್ದು ತಪ್ಪುವ ಜಾಗವೇ ರೋಗದ ಜಾಗ. ಪ್ಲಗ್‌ಗೆ ಹೋಗುವ ದಪ್ಪ ವೈರನ್ನು ಆಗ ಮುಟ್ಟಲೇಬೇಡಿ. ಅದನ್ನು ಕತ್ತಲಲ್ಲಿ ದೂರದಿಂದ ನೋಡಿದರೆ ಸಾಕು, ಸಿಪ್ಪೆ ಸೀಳಿದ್ದರೆ ನೀಲಿ ಕಿಡಿ ಕಾಣುತ್ತದೆ.

ರಿಪೇರಿಗೆ ದೊಡ್ಡ ಖರ್ಚಿಲ್ಲ. ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಹಿತ್ತಾಳೆ ಹೊಳೆಯುವವರೆಗೆ ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಸಡಿಲವಾದ ಟರ್ಮಿನಲನ್ನು ಇಕ್ಕಳದಿಂದ ಚೂರು ಬಿಗಿ ಮಾಡಿ, ತೀರಾ ತಿಂದುಹೋಗಿದ್ದರೆ ಹೊಸದನ್ನು ಕ್ರಿಂಪ್ ಮಾಡಿಸಿ. ತಂತಿ ಹೊಸೆದು ಟೇಪ್ ಸುತ್ತುವುದು ನಮ್ಮ ರಾಷ್ಟ್ರೀಯ ಚಟ. ಟೇಪಿನೊಳಗೆ ನೀರು ನಿಂತು ಮತ್ತೆ ಕಿಲುಬೇ. ಕಾಯಿಲಿನ ಅರ್ತ್ ವೈರಿನ ಬೋಲ್ಟ್ ಕೆಳಗಿನ ತುಕ್ಕನ್ನೂ ಕೆರೆಯಿರಿ, ಬಹಳ ಜನ ಇದನ್ನು ಮರೆಯುತ್ತಾರೆ. ಕಾಕಾನ ಗಾಡಿಗೆ ನಾನು ಮಾಡಿದ್ದು ಇಷ್ಟೇ. ಆಮೇಲೆ ಎರಡು ಜೋರು ಮಳೆ ಕಳೆದವು, ಗಾಡಿ ನಿಂತಿಲ್ಲ.

ಕೊನೆಗೆ ವೈರು ಕಟ್ಟುವಾಗ ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲು ಬಿಡಿ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೈರು ಎಲ್ಲೂ ಜಗ್ಗುತ್ತಿಲ್ಲ ಅಂತ ನೋಡಿಕೊಂಡೇ ಟ್ಯಾಂಕ್ ಕೂರಿಸಿ.