ಪದೇ ಪದೇ ನಿಲ್ಲುವ ಸರ್ವರು: ಕಾರಣಶೋಧನೆಯ ಕ್ರಮ

ದತ್ತಸಂಗ್ರಹಗಳನ್ನು ಪ್ರಶ್ನಿಸಿ ಉತ್ತರ ತರುವ ಸರ್ವರುಗಳನ್ನು ಕಂಟೇನರುಗಳಲ್ಲಿಟ್ಟು ನಡೆಸುವುದು ಇಂದು ರೂಢಿಯಾಗಿದೆ. ಕಂಟೇನರೆಂದರೆ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಇರಿಸಿ, ಇಂತಿಷ್ಟೇ ಮೆಮೊರಿ ಎಂದು ಮೇರೆ ಕಟ್ಟಬಹುದಾದ ಆವರಣ. ಇಂತಹ ಒಂದು ಅಥವಾ ಹಲವು ಕಂಟೇನರುಗಳ ಕೂಟವೇ ಪಾಡ್. ಪಾಡ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆಯು ೨೦೧೪ರಲ್ಲಿ ಪ್ರಕಟಿಸಿತು. ಆ ಗ್ರೀಕ್ ಶಬ್ದಕ್ಕೆ ಕರ್ಣಧಾರನೆಂದು ಅರ್ಥ. ನಿಂತುಹೋದ ಕಂಟೇನರನ್ನು ಯಾರೂ ಹೇಳದೆಯೇ ಮತ್ತೆ ಆರಂಭಿಸುವುದು ಅದರ ದೊಡ್ಡ ಗುಣ. ಆದರೆ ಆ ಗುಣವೇ ಕಾರಣಶೋಧನೆಗೆ ತೊಡಕಾಗುತ್ತದೆ: ವೈದ್ಯನು ಬರುವಷ್ಟರಲ್ಲಿ ರೋಗಿ ಎದ್ದು ಓಡಾಡುತ್ತಿರುತ್ತಾನೆ, ರೋಗವೇನೋ ಹಾಗೆಯೇ ಉಳಿದಿರುತ್ತದೆ.

ಟ್ರೈನೋ ಎಂಬ ಸರ್ವರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೨೦೧೨ರಲ್ಲಿ ಫೇಸ್‌ಬುಕ್ ಸಂಸ್ಥೆಯಲ್ಲಿ ಮೊದಲಾದ ಪ್ರೆಸ್ಟೋ ಯೋಜನೆಯ ಒಂದು ಕವಲು ೨೦೨೦ರ ಡಿಸೆಂಬರಿನಲ್ಲಿ ಈ ಹೆಸರನ್ನು ತಳೆಯಿತು. ಇದರಲ್ಲಿ ಒಂದು ಸಂಯೋಜಕ ಪಾಡ್ ಕೆಲಸವನ್ನು ಹಂಚುತ್ತದೆ. ಹಲವು ಕಾರ್ಯಕಾರಿ ಪಾಡ್‌ಗಳು ಅದನ್ನು ನಡೆಸುತ್ತವೆ. ವಿಶೇಷ ಏರ್ಪಾಡಿಲ್ಲದಿದ್ದಲ್ಲಿ, ಒಂದು ಕಾರ್ಯಕಾರಿ ಪಾಡ್ ಬಿದ್ದರೆ ಅದರಲ್ಲಿ ಭಾಗವಿದ್ದ ಎಲ್ಲ ಪ್ರಶ್ನೆಗಳೂ ವಿಫಲವಾಗುತ್ತವೆ. ಒಬ್ಬನ ಮಿತಿಮೀರಿದ ಪ್ರಶ್ನೆಗೆ ಇತರರು ದಂಡ ತೆರಬೇಕಾಗುತ್ತದೆ.

ಇಂತಹ ಪತನಕ್ಕೆ ಮೆಮೊರಿಯ ಅಭಾವವು ಒಂದು ಸಾಮಾನ್ಯ ಕಾರಣ. ಮೆಮೊರಿಗೆ ಇಲ್ಲಿ ಒಂದರೊಳಗೊಂದು ಮೂರು ಬೇಲಿಗಳಿವೆ. ಒಳಗಿನದು ಪ್ರಶ್ನೆಯೊಂದಕ್ಕೆ ಟ್ರೈನೋ ವಿಧಿಸಿದ ಮಿತಿ. ಅದನ್ನು ದಾಟಿದರೆ ಸ್ಪಷ್ಟವಾದ ಸೂಚನೆಯೊಡನೆ ಆ ಪ್ರಶ್ನೆಯೊಂದೇ ರದ್ದಾಗುತ್ತದೆ. ನಡುವಿನದು ಜಾವಾದ ಹೀಪ್. ಅದು ತುಂಬಿದರೆ ಜಾವಾ ತಾನೇ ದೋಷವನ್ನು ಬರೆದು, ಟ್ರೈನೋಗೆ ಶಿಫಾರಸಾದ ಏರ್ಪಾಡಿನಂತೆ, ನಿಂತುಬಿಡುತ್ತದೆ. ಹೊರಗಿನದು ಕಂಟೇನರಿನ ಮೇರೆ. ಅದನ್ನು ಕಾಯುವುದು ಲಿನಕ್ಸ್ ಕರ್ನೆಲ್. ಅದು ಮುನ್ಸೂಚನೆ ಕೊಡದೆ ೯ನೆಯ ಸಂಕೇತದಿಂದ ಪ್ರೋಗ್ರಾಮನ್ನು ಕೊಲ್ಲುತ್ತದೆ. ೧೨೮ಕ್ಕೆ ೯ ಕೂಡಿ ನಿರ್ಗಮನದ ಅಂಕೆ ೧೩೭ ಆಗುತ್ತದೆ. ಕಾರಣದ ಸ್ಥಾನದಲ್ಲಿ ‘ಓಓಎಂಕಿಲ್ಡ್’ ಎಂದು ದಾಖಲಾಗುತ್ತದೆ. ಹೀಗೆ ಸತ್ತ ಸರ್ವರಿಗೆ ಒಂದು ಸಾಲು ಬರೆಯಲೂ ಅವಕಾಶವಿರುವುದಿಲ್ಲ. ಆದುದರಿಂದ ಲಾಗು ನಡುವೆಯೇ ಕಡಿದುಹೋಗಿರುವುದೂ ಒಂದು ಸಾಕ್ಷ್ಯವೇ.

ಆದರೆ ೧೩೭ ಎಂಬ ಅಂಕೆಯೊಂದನ್ನೇ ನಂಬಲಾಗದು. ಸರ್ವರು ಜೀವಂತವಾಗಿದೆಯೇ ಎಂದು ಕೇಳುವ ತಪಾಸಣೆಯನ್ನು ಏರ್ಪಡಿಸಿದ್ದರೆ, ಬೇರೆ ಸೂಚನೆಯಿಲ್ಲದಿದ್ದಲ್ಲಿ, ಅದು ೧೦ ಸೆಕೆಂಡಿಗೊಮ್ಮೆ ನಡೆಯುತ್ತದೆ. ೧ ಸೆಕೆಂಡಿನೊಳಗೆ ಉತ್ತರ ಬರಬೇಕು. ಜಾವಾ ತನ್ನ ಮೆಮೊರಿಯನ್ನು ಶುಚಿಗೊಳಿಸುತ್ತ ದೀರ್ಘಕಾಲ ಸ್ತಬ್ಧವಾದರೆ ಮೂರು ತಪಾಸಣೆಗಳು ತಪ್ಪಬಹುದು. ಆಗ ನಿಲ್ಲಲು ಆಜ್ಞೆಯಾಗುತ್ತದೆ. ೩೦ ಸೆಕೆಂಡು ಕಾದರೂ ನಿಲ್ಲದಿದ್ದರೆ ಅದೇ ೯ನೆಯ ಸಂಕೇತ, ಅದೇ ೧೩೭. ಅಂಕೆಯ ಜೊತೆಗೆ ಕಾರಣವನ್ನೂ ಘಟನಾವಳಿಯನ್ನೂ ಓದಿದರೆ ಮಾತ್ರ ಈ ಎರಡು ಸಾವುಗಳ ಭೇದ ತಿಳಿಯುತ್ತದೆ.

ಆದ್ದರಿಂದ ಶೋಧನೆಯ ಕ್ರಮ ಹೀಗಿರಬೇಕು. ಮೊದಲು ‘ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್’ ಎಂಬ ಆಜ್ಞೆಯಿಂದ ಹಿಂದಿನ ಸ್ಥಿತಿ, ಕಾರಣ, ಅಂಕೆಗಳನ್ನು ನೋಡುವುದು. ಘಟನಾವಳಿ ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಅಳಿಸಿಹೋಗುವುದರಿಂದ ಇದರಲ್ಲಿ ವಿಳಂಬ ಸಲ್ಲದು. ಅನಂತರ ಲಾಗಿನ ಆಜ್ಞೆಗೆ ‘ಪ್ರೀವಿಯಸ್’ ಎಂದು ಸೇರಿಸಿ, ಈಗ ಬದುಕಿರುವ ಕಂಟೇನರಿನ ಮಾತನ್ನಲ್ಲ, ಸತ್ತುದರ ಕೊನೆಯ ಮಾತನ್ನು ಓದುವುದು. ಅವಸರದಿಂದ ಪಾಡನ್ನೇ ಅಳಿಸಿದರೆ ಈ ದಾರಿ ಮುಚ್ಚಿಹೋಗುತ್ತದೆ. ಕೊನೆಗೆ, ಆ ಗಳಿಗೆಯಲ್ಲಿ ಯಾವ ಪ್ರಶ್ನೆಗಳು ನಡೆಯುತ್ತಿದ್ದವೆಂದು ಹೋಲಿಸುವುದು.

ಚಿಕಿತ್ಸೆಯೂ ಬೇಲಿಯನ್ನನುಸರಿಸಿ ಬೇರೆ. ಒಳಬೇಲಿಗೆ ಪ್ರಶ್ನೆಯನ್ನು ತಿದ್ದಬೇಕು. ಹೊರಬೇಲಿ ಮುರಿದಾಗ ಹೀಪನ್ನು ಮಾತ್ರ ಹಿಗ್ಗಿಸುವುದು ರೋಗವನ್ನು ಬೆಳೆಸಿದಂತೆ. ೧೬ ಗಿಗಾಬೈಟಿನ ಕಂಟೇನರಿನಲ್ಲಿ ೧೬ ಗಿಗಾಬೈಟಿನ ಹೀಪ್ ಇಟ್ಟರೆ, ಹೀಪಿನ ಹೊರಗೆ ಜಾವಾಗೆ ಬೇಕಾದ ಮೆಮೊರಿಗೆ ಎಡೆಯೇ ಇರದು. ಅಲ್ಲಿ ಹೀಪ್ ೧೨ರ ಆಸುಪಾಸಿನಲ್ಲಿರುವುದು ಲೇಸು. ಯಾವ ಬೇಲಿ ಮುರಿಯಿತೆಂದು ಅರಿಯದೆ ಮಾಡಿದ ಪುನರಾರಂಭವು ಕೆಲವು ಕಾಲದ ಶಮನ ಮಾತ್ರ. ಅದೇ ಪ್ರಶ್ನೆ ಮರಳಿ ಬಂದ ದಿನ ಅದೇ ಸಾವೂ ಮರಳಿ ಬರುತ್ತದೆ.