ಓದಿ ಹೇಳುವವರು

ನಾನು ಬಹುಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿಕೊಂಡಿದ್ದವನು. ಓದುವುದೇ ಕಸುಬಾದವನಿಗೆ ಕಣ್ಣು ಮಂದವಾಗುವುದೆಂದರೆ ರೈತನಿಗೆ ಹೊಲ ಬೀಳು ಬಿದ್ದಂತೆ. ಆರು ವರ್ಷಗಳ ಹಿಂದೆ ವೈದ್ಯರು ನನ್ನ ಕಣ್ಣುಗಳನ್ನು ಪರೀಕ್ಷಿಸಿ, ಇದು ಗ್ಲಾಕೋಮಾ ಎಂದೂ, ಹೋದ ದೃಷ್ಟಿ ಮರಳಿ ಬಾರದೆಂದೂ, ಉಳಿದುದನ್ನು ಕಾಪಾಡಿಕೊಳ್ಳಬೇಕೆಂದೂ ಹೇಳಿದರು. ಮನೆಗೆ ಬಂದು ಪುಸ್ತಕದ ಕಪಾಟಿನ ಮುಂದೆ ನಿಂತೆ. ನನ್ನವೇ ಆದ ಪುಸ್ತಕಗಳು ಪರರವಾಗಿ ತೋರಿದವು.

ಕೆಲವು ತಿಂಗಳ ಮೇಲೆ ಮೊಮ್ಮಗಳು ತನ್ನ ಮೊಬೈಲಿನ ತಂತಿಯನ್ನು ನನ್ನ ಕಿವಿಗೆ ಸಿಕ್ಕಿಸಿ, “ತಾತ, ಇದನ್ನು ಸ್ವಲ್ಪ ಕೇಳಿ” ಎಂದಳು. ಯಾರೋ ಒಬ್ಬರು ಜೇನ್ ಆಸ್ಟೆನ್ನಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಓದುತ್ತಿದ್ದರು. ಹೀಗೆ ನನಗೆ ‘ಲಿಬ್ರಿವಾಕ್ಸ್’ ಎಂಬ ಧ್ವನಿಭಂಡಾರದ ಪರಿಚಯವಾಯಿತು. ಅದರ ವಿಷಯವನ್ನೇ ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಪುಸ್ತಕವನ್ನು ಕಿವಿಗೆ ಮುಟ್ಟಿಸುವ ಕನಸು ಹೊಸದಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದು, ಮರುವರ್ಷವೇ ಅದರ ಉಪಯೋಗಗಳನ್ನು ಪಟ್ಟಿಮಾಡಿದಾಗ ಕುರುಡರಿಗೆ ಮಾತನಾಡುವ ಪುಸ್ತಕಗಳನ್ನೂ ಅದರಲ್ಲಿ ಸೇರಿಸಿದ್ದನು. ಇಂಗ್ಲೆಂಡಿನಲ್ಲಿ 1935ರಲ್ಲಿ ಕುರುಡರಿಗಾಗಿ ಅಂಥ ಗ್ರಂಥಾಲಯವೊಂದು ಆರಂಭವಾಯಿತು. ಅದರ ಮೊದಲ ಪುಸ್ತಕಗಳಲ್ಲಿ ಜೋಸೆಫ್ ಕಾನ್ರಾಡನ ‘ಟೈಫೂನ್’ ಒಂದು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 25 ನಿಮಿಷದ ಓದು. ಒಂದು ಕಾದಂಬರಿ ಮುಗಿಯಬೇಕಾದರೆ ತಟ್ಟೆಗಳ ಹೊರೆಯೇ ಬೇಕಾಗುತ್ತಿತ್ತು.

ಈಗ ಆ ಹೊರೆಯಿಲ್ಲ. ಕೆನಡಾದ ಮಾಂಟ್ರಿಯಲ್ ನಗರದ ಹ್ಯೂ ಮೆಕ್‌ಗೈರ್ ಎಂಬ ಲೇಖಕರು 2005ರ ಆಗಸ್ಟಿನಲ್ಲಿ ಅಂತರಜಾಲದ ಮೂಲಕ ಒಂದು ಕರೆ ಕೊಟ್ಟರು: ಗ್ರಂಥಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಇಷ್ಟವಿದ್ದವರು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡೋಣ, ಬೇಕಾದವರು ಪುಕ್ಕಟೆಯಾಗಿ ಕೇಳಲಿ. ಹೀಗೆ ಹಲವರು ಹಂಚಿಕೊಂಡು ಓದಿ ಮುಗಿಸಿದ ಮೊದಲ ಪುಸ್ತಕ ಕಾನ್ರಾಡನದೇ, 1907ರ ‘ದಿ ಸೀಕ್ರೆಟ್ ಏಜೆಂಟ್’. ಇಂದು ಆ ಭಂಡಾರದಲ್ಲಿ 20,000ಕ್ಕೂ ಹೆಚ್ಚು ಧ್ವನಿಮುದ್ರಿಕೆಗಳಿವೆ. ಓದಿದವರಲ್ಲಿ ಒಬ್ಬರಿಗೂ ಅದಕ್ಕಾಗಿ ಸಂಬಳವಿಲ್ಲ.

ಕೆಲಸದ ಕ್ರಮ ಬಹಳ ಸರಳ. ಮೂಲಪಾಠ ಹೆಚ್ಚಾಗಿ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ನಿಂದ ಬರುತ್ತದೆ. ಮೈಕೆಲ್ ಹಾರ್ಟ್ 1971ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಪುಸ್ತಕಸಂಗ್ರಹ ಅದು. ಒಬ್ಬರು ಒಂದು ಪುಸ್ತಕವನ್ನು ಸೂಚಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಅಧ್ಯಾಯವನ್ನು ವಹಿಸಿಕೊಳ್ಳುತ್ತಾರೆ, ಇಲ್ಲವೆ ಒಬ್ಬರೇ ಇಡೀ ಪುಸ್ತಕವನ್ನು ಹೊರುತ್ತಾರೆ. ಮನೆಯ ಕೋಣೆಯಲ್ಲಿಯೇ ಕುಳಿತು ಓದಿ ಕಳುಹಿಸಿದುದನ್ನು ಮತ್ತೊಬ್ಬರು ಆಲಿಸಿ, ಸಾಲು ಬಿಟ್ಟುಹೋಗಿದೆಯೆ, ಎರಡು ಸಲ ಬಂದಿದೆಯೆ, ಗದ್ದಲವಿದೆಯೆ ಎಂದು ನೋಡುತ್ತಾರೆ. ಓದಿನ ಶೈಲಿಯ ಮೇಲೆ ಮಾತ್ರ ತೀರ್ಪು ಕೊಡುವುದಿಲ್ಲ. ಉಚ್ಚಾರಣೆಯ ರೀತಿ ಬೇರೆ ಎಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ.

ಈ ಕೊನೆಯ ನಿಯಮ ತಿಳಿದಾಗ ನಾನು ಮೂಗು ಮುರಿದೆ. ಅದಕ್ಕೆ ಕಾರಣ ನನ್ನ ಕಸುಬು. ಹುಡುಗರ ಉಚ್ಚಾರಣೆಯನ್ನು ತಿದ್ದುವುದು ಪುಣ್ಯಕಾರ್ಯವೆಂದೇ ನಾನು ನಂಬಿದ್ದೆ. ಒಮ್ಮೆ ತರಗತಿಯಲ್ಲಿ ಡಿಕನ್ಸನ ಒಂದು ಪುಟವನ್ನು ಓದಲು ಹಳ್ಳಿಯಿಂದ ಬಂದ ಹುಡುಗನೊಬ್ಬನನ್ನು ಎಬ್ಬಿಸಿದೆ. ‘ಸ್ಕೂಲ್’ ಎನ್ನಬೇಕಾದಲ್ಲಿ ಅವನು ‘ಇಸ್ಕೂಲ್’ ಎಂದ. ಹುಡುಗರು ನಕ್ಕರು. ನಾನೂ ನಕ್ಕೆ, “ಸಾಕು, ಕೂತುಕೋಪ್ಪ” ಎಂದೆ. ಅವನು ಕುಳಿತ. ಆ ವರ್ಷವೆಲ್ಲ ಅವನು ಮತ್ತೆ ಬಾಯಿ ತೆರೆದು ಓದಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ.

‘ದಿ ಸೀಕ್ರೆಟ್ ಏಜೆಂಟ್’ ಕೇಳುವಾಗ ಅಧ್ಯಾಯಕ್ಕೊಂದು ಧ್ವನಿ ಬದಲಾಗುತ್ತಿತ್ತು. ಮೊದಲು ಇದು ಕಿರಿಕಿರಿಯೆನಿಸಿತು. ಪರಿಚಯವಾದ ದನಿ ಹೋಗಿ ಅಪರಿಚಿತ ದನಿ ಬಂದಾಗ ಕಥೆಯ ಎಳೆ ಕೈತಪ್ಪಿದಂತಾಗುತ್ತದೆ. ಆದರೆ ಲಂಡನ್ನಿನ ಕತ್ತಲ ಬೀದಿಗಳು, ವರ್ಲಾಕನ ಅಂಗಡಿ, ಸ್ಟೀವಿ ಎಂಬ ಆ ಮುಗ್ಧ ಹುಡುಗ ಎಲ್ಲವೂ ಸ್ವಲ್ಪ ಹೊತ್ತಿನಲ್ಲೇ ಕಣ್ಣಮುಂದೆ ನಿಂತು, ಧ್ವನಿ ಯಾರದೆಂಬುದು ಮರೆತುಹೋಯಿತು. ಆಗ ನನಗೆ ಮತ್ತೊಂದು ಸಂಗತಿ ನೆನಪಿಗೆ ಬಂತು. ಇದನ್ನು ಬರೆದ ಕಾನ್ರಾಡನು ಪೋಲಿಷ್ ಮನೆತನದಲ್ಲಿ ಹುಟ್ಟಿದವನು. ಇಂಗ್ಲಿಷ್ ಕಲಿತದ್ದು ಪ್ರಾಯಕ್ಕೆ ಬಂದ ಮೇಲೆ, ಹಡಗಿನ ಕೆಲಸದ ನಡುವೆ. ಇಂಗ್ಲಿಷ್ ಗದ್ಯದ ದೊರೆಗಳಲ್ಲಿ ಒಬ್ಬನೆನಿಸಿದ ಮೇಲೂ ಅವನ ನಾಲಗೆ ಕಡೆಯವರೆಗೂ ಹೊರನಾಡಿನದಾಗಿಯೇ ಉಳಿಯಿತು. ಅವನು ನನ್ನ ತರಗತಿಯಲ್ಲಿದ್ದಿದ್ದರೆ ಅವನನ್ನೂ “ಸಾಕು, ಕೂತುಕೋ” ಎನ್ನುತ್ತಿದ್ದೆನೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು, ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಅನುಭವದ ಮೇಲೆ ಎರಡು ಮಾತು. ನಗಬೇಕೆನಿಸಿದರೆ ಜೆರೋಮ್ ಕೆ. ಜೆರೋಮನ 1889ರ ‘ಥ್ರೀ ಮೆನ್ ಇನ್ ಎ ಬೋಟ್’ ಕೇಳಿ. ಅದು ಗಟ್ಟಿಯಾಗಿ ಓದಿದಾಗಲೇ ರುಚಿಸುವ ಪುಸ್ತಕ; ಹರಟೆಗೆ ಧ್ವನಿ ಬೇಕು. ಆಸ್ಟೆನ್ನಳ 1813ರ ಕಾದಂಬರಿಗೆ ಒಂದಲ್ಲ, ಹಲವು ಓದುಗಳಿವೆ. ಒಬ್ಬರೇ ಓದಿದುದನ್ನು ಆರಿಸಿಕೊಂಡರೆ, ಬೆನೆಟ್ ದಂಪತಿಗಳ ಮಾತಿನ ಚುಚ್ಚು ಎಲ್ಲಿದೆಯೆಂಬುದು, ಪುಟದ ಮೇಲೆ ತಪ್ಪಿಸಿಕೊಂಡದ್ದು ಕೂಡ, ಕಿವಿಗೆ ಸಿಕ್ಕುತ್ತದೆ. ಮೆಲ್ವಿಲ್ಲನ 1851ರ ‘ಮೋಬಿ ಡಿಕ್’ನ 135 ಅಧ್ಯಾಯಗಳನ್ನು ನಾನು ಯೌವನದಲ್ಲಿ ಎರಡು ಬಾರಿ ಓದಲು ತೊಡಗಿ, ಎರಡು ಬಾರಿಯೂ ತಿಮಿಂಗಿಲದ ವರ್ಣನೆಗಳಲ್ಲಿ ಮುಳುಗಿ ಬಿಟ್ಟುಬಿಟ್ಟಿದ್ದೆ. ದಿನಕ್ಕೆ ಮೂರು ಅಧ್ಯಾಯದಂತೆ ಕೇಳಿ, ಈ ಇಳಿವಯಸ್ಸಿನಲ್ಲಿ ದಡ ಮುಟ್ಟಿದೆ. ಚೆಕಾವನ ಕಥೆಗಳು ಕಾನ್‌ಸ್ಟೆನ್ಸ್ ಗಾರ್ನೆಟ್ಟರ ಅನುವಾದದಲ್ಲಿವೆ. ಮಲಗುವ ಮುನ್ನ ಒಂದು ಕಥೆ ಸಾಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತ್ರ ಇವಾವುದೂ ಅಲ್ಲ. ಅಲ್ಲಿ ಒಂದು ಪದ್ಧತಿಯಿದೆ: ವಾರಕ್ಕೊಂದು ಕವನವನ್ನು ಆರಿಸುತ್ತಾರೆ, ಅದನ್ನು ಇಷ್ಟವಿದ್ದವರೆಲ್ಲ ಓದಿ ಕಳುಹಿಸುತ್ತಾರೆ. ಒಂದೇ ಕವನವನ್ನು ಹತ್ತು ಹದಿನೈದು ಮಂದಿ ಓದಿದುದನ್ನು ಒಂದರ ಹಿಂದೊಂದು ಕೇಳಿದಾಗ, ಒಬ್ಬರು ಅವಸರಪಟ್ಟ ಕಡೆ ಮತ್ತೊಬ್ಬರು ನಿಲ್ಲುತ್ತಾರೆ, ಒಬ್ಬರಿಗೆ ಅಳುವಾದದ್ದು ಮತ್ತೊಬ್ಬರಿಗೆ ಕೋಪವಾಗುತ್ತದೆ. ಒಂದು ಕವನಕ್ಕೆ ಸರಿಯಾದ ಓದು ಒಂದೇ ಎಂದು ನಂಬಿ ಪಾಠ ಹೇಳಿದವನಿಗೆ ಇದಕ್ಕಿಂತ ಸೌಮ್ಯವಾದ ತಿದ್ದುಪಡಿ ಬೇಕೆ?

ದೋಷಗಳಿಲ್ಲವೆಂದು ನಾನು ಹೇಳಲಾರೆ. ಕೆಲವರು ದಿನಪತ್ರಿಕೆಯ ವರದಿಯಂತೆ ಓದಿಬಿಡುತ್ತಾರೆ. ಒಬ್ಬರ ಓದು ಹಿಡಿಸದಿದ್ದರೆ ಬೇರೊಬ್ಬರದನ್ನು ಹುಡುಕಿಕೊಳ್ಳಬೇಕು. ಪುಕ್ಕಟೆ ಬಂದ ಊಟದಲ್ಲಿ ಕಲ್ಲು ಸಿಕ್ಕರೆ ಪಕ್ಕಕ್ಕಿಟ್ಟು ಉಣ್ಣಬೇಕಲ್ಲವೆ?

ಕನ್ನಡಿಗರಿಗೆ ಓದಿಸಿ ಕೇಳುವುದು ಹೊಸ ಪಾಠವಲ್ಲ. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಬಲ್ಲದ್ದು ಗಮಕಿಯ ಬಾಯಿಂದಲೇ. ಅಕ್ಷರ ಬಾರದ ನನ್ನ ಅಜ್ಜಿಗೆ ಜೈಮಿನಿ ಭಾರತದ ಚಂದ್ರಹಾಸನ ಕಥೆ ಪದ್ಯಸಹಿತ ಬರುತ್ತಿತ್ತು. ಲಿಬ್ರಿವಾಕ್ಸಿನ ಬಾಗಿಲು ಇಂಗ್ಲಿಷಿಗೆ ಮಾತ್ರ ತೆರೆದದ್ದಲ್ಲ. ಯಾವ ಭಾಷೆಯವರೂ ಓದಬಹುದು. ಅಮೆರಿಕದ ಕಾನೂನಿನಂತೆ, ಪ್ರಕಟವಾಗಿ 95 ವರ್ಷ ಕಳೆದ ಪುಸ್ತಕವಾಗಿರಬೇಕು, ಅಷ್ಟೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಗ್ರಂಥಸ್ವಾಮ್ಯ ಉಳಿಯುತ್ತದೆ. 1901ರಲ್ಲಿ ಕಣ್ಮುಚ್ಚಿದ ಮುದ್ದಣನ ‘ರಾಮಾಶ್ವಮೇಧ’, ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’ ಇವು ಎರಡು ಲೆಕ್ಕಕ್ಕೂ ಒಗ್ಗುತ್ತವೆ.

ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಮನೆಯಲ್ಲಿ ಗದ್ದಲವಿಲ್ಲದ ಒಂದು ಮೂಲೆಯೂ ಅರ್ಧ ಗಂಟೆಯ ಬಿಡುವೂ ಇದ್ದರೆ ಒಂದು ಅಧ್ಯಾಯವನ್ನು ಓದಿ. ಧಾರವಾಡದ ನುಡಿಯಾಗಲಿ, ಮಂಗಳೂರಿನ ನುಡಿಯಾಗಲಿ, ಚಾಮರಾಜನಗರದ ನುಡಿಯಾಗಲಿ, ನಿಮ್ಮ ನಾಲಗೆ ಹೇಗಿದೆಯೋ ಹಾಗೆಯೇ ಓದಿ. ಕಣ್ಣು ಸೋತವರೊಬ್ಬರು ಎಲ್ಲಿಯೋ ಕಿವಿಗೊಟ್ಟು ಕುಳಿತಿರುತ್ತಾರೆ. “ಸಾಕು, ಕೂತುಕೋ” ಎನ್ನುವವರು ಅಲ್ಲಿ ಯಾರೂ ಇರುವುದಿಲ್ಲ.