ದಾರಿಗೆ ತಕ್ಕಷ್ಟು ಉಪ್ಪು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡವರಿಗೆ ಮೊದಲ ಚಳಿಗಾಲದಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಮನೆ ಮುಂದಿನ ಸೈಡ್‌ವಾಕ್ ಊರಿನದು, ಅದರ ಮೇಲೆ ಬಿದ್ದ ಹಿಮ ಮಾತ್ರ ನಮ್ಮದು. ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ಅದನ್ನು ತೆಗೆದಿರಬೇಕು. ಅಂಗಡಿ, ಅಪಾರ್ಟ್‌ಮೆಂಟಿನವರಿಗೆ ಸಿಗುವುದು ಹಗಲಿನ 4 ಗಂಟೆ. ಈ ಗಡಿಬಿಡಿಯಲ್ಲಿ ಜನ ಉಪ್ಪಿನ ಚೀಲಕ್ಕೆ ಕೈ ಹಾಕುತ್ತಾರೆ. ಎಷ್ಟು ಹಾಕಬೇಕೆಂಬ ಲೆಕ್ಕ ಮಾತ್ರ ಅಡುಗೆಮನೆಯದೇ: ಕೈಗೆ ಬಂದಷ್ಟು.

ಲೆಕ್ಕ ಹಾಕಿಯೇ ನೋಡೋಣ. ಮನೆಯ ಮುಂಭಾಗ 40 ಅಡಿ, ಸೈಡ್‌ವಾಕಿನ ಅಗಲ 5 ಅಡಿ ಎಂದಿಟ್ಟುಕೊಳ್ಳಿ. ಒಟ್ಟು 200 ಚದರ ಅಡಿ, ಅಂದರೆ 18.6 ಚದರ ಮೀಟರ್. ಒಮ್ಮೆ 10 ಸೆಂ.ಮೀ. ಹಿಮ ಬಿತ್ತು. ಆಗಷ್ಟೇ ಬಿದ್ದ ಹಿಮ ಹತ್ತಿಯಂತೆ ಹಗುರ, ನೀರಿನ ಸುಮಾರು ಹತ್ತನೇ ಒಂದರಷ್ಟು ತೂಕ. ಹಾಗಿದ್ದರೂ ಈ ಸಣ್ಣ ಪಟ್ಟಿಯ ಮೇಲೆ ಕೂತಿರುವುದು 186 ಕಿಲೋ. ಊರಿನಲ್ಲಿ ವರ್ಷಕ್ಕೆ ಸರಾಸರಿ 130 ಸೆಂ.ಮೀ. ಹಿಮ ಬೀಳುವುದರಿಂದ ಇಡೀ ಚಳಿಗಾಲಕ್ಕೆ ಸುಮಾರು 2.4 ಟನ್.

ಇದನ್ನು ಉಪ್ಪಿನಿಂದಲೇ ಕರಗಿಸಹೊರಟರೆ? ಮೈನಸ್ 1 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಕಿಲೋ ಉಪ್ಪು ಸುಮಾರು 46 ಕಿಲೋ ಮಂಜುಗಡ್ಡೆಯನ್ನು ಕರಗಿಸಬಲ್ಲದು. ಮೈನಸ್ 7ಕ್ಕೆ ಇಳಿದರೆ 8.6 ಕಿಲೋ, ಮೈನಸ್ 12ಕ್ಕೆ 5 ಕಿಲೋ ಕೂಡ ಇಲ್ಲ. ಮೈನಸ್ 7ರ ದಿನ ನಮ್ಮ 186 ಕಿಲೋ ಹಿಮಕ್ಕೆ ಬೇಕಾಗುವ ಉಪ್ಪು 21.6 ಕಿಲೋ. ಅಲ್ಲಿನ 50 ಪೌಂಡಿನ ಚೀಲದಲ್ಲಿ ಇರುವುದೇ 22.7 ಕಿಲೋ. ಒಂದು ಹಿಮಪಾತಕ್ಕೆ ಒಂದು ಚೀಲ! ಚೀಲಕ್ಕೆ 10 ಡಾಲರ್ ಹಿಡಿದರೆ ಒಂದು ಚಳಿಗಾಲಕ್ಕೆ 13 ಚೀಲ, 130 ಡಾಲರ್. ಅಷ್ಟು ಉಪ್ಪು ಬಿದ್ದ ಕಡೆ ಹುಲ್ಲು ಚಿಗುರುವುದನ್ನು ಮರೆಯಬೇಕು.

ಆದ್ದರಿಂದ ಮೊದಲು ಸಲಿಕೆ, ಆಮೇಲೆ ಉಪ್ಪು. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುವ ಅಳತೆ 1,000 ಚದರ ಅಡಿಗೆ ಹೆಚ್ಚೆಂದರೆ 4 ಪೌಂಡ್. ದೊಡ್ಡದೊಂದು ಕಾಫಿ ಮಗ್ ತುಂಬ ಉಪ್ಪು ಸುಮಾರು 1 ಪೌಂಡ್ ತೂಗುತ್ತದೆ. ಅದು 5 ಅಡಿಯ 10 ಚೌಕಗಳಿಗೆ ಸಾಕು. ನಮ್ಮದು 8 ಚೌಕ, ಹಾಗಾಗಿ ಮಗ್ ಪೂರ್ತಿ ತುಂಬಬೇಕಾಗಿಲ್ಲ. 360 ಗ್ರಾಂ ಸಾಕು. ಹರಳಿಗೂ ಹರಳಿಗೂ ನಡುವೆ ಮೂರು ಇಂಚು ಅಂತರವಿದ್ದರೆ ಆಯಿತು.

ಇಷ್ಟು ಸಾಕೇ ಎಂಬ ಅನುಮಾನ ಸಹಜ. ಮೈನಸ್ 7ರಲ್ಲಿ 360 ಗ್ರಾಂ ಉಪ್ಪು ಕರಗಿಸುವುದು 3.1 ಕಿಲೋ ಮಂಜುಗಡ್ಡೆ. ದಾರಿಯುದ್ದಕ್ಕೂ ಹರಡಿದರೆ ಅದರ ದಪ್ಪ 0.2 ಮಿಲಿಮೀಟರ್ ಕೂಡ ಬರದು, ಎರಡು ಹಾಳೆ ಕಾಗದದಷ್ಟು. ಆದರೆ ಗಡ್ಡೆಯನ್ನೆಲ್ಲ ಕರಗಿಸುವುದು ಉಪ್ಪಿನ ಕೆಲಸವೇ ಅಲ್ಲ. ಹರಳು ಕೆಳಗಿಳಿದು, ಗಡ್ಡೆ ಕಾಂಕ್ರೀಟಿಗೆ ಕಚ್ಚಿಕೊಂಡಿರುವ ಕಡೆ ತೆಳ್ಳಗೆ ಉಪ್ಪುನೀರು ಮಾಡಿದರೆ ಸಾಕು, ಸಲಿಕೆಯ ಅಂಚಿಗೆ ಹಪ್ಪಳದಂತೆ ಎದ್ದು ಬರುತ್ತದೆ.

ಚಳಿಗಾಲದಲ್ಲಿ 20 ಸಲ ಹಾಕಿದರೂ 7.2 ಕಿಲೋ. ಒಂದೇ ಚೀಲ ಮೂರು ವರ್ಷ ಬರುತ್ತದೆ, ಖರ್ಚು ವರ್ಷಕ್ಕೆ 3 ಡಾಲರ್ ಚಿಲ್ಲರೆ.

ಇನ್ನೊಂದು ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಕೆರೆ, ಹೊಳೆಗಳಲ್ಲಿ ಕ್ಲೋರೈಡ್ ಲೀಟರಿಗೆ 230 ಮಿಲಿಗ್ರಾಂ ದಾಟಬಾರದೆಂಬುದು ಅಲ್ಲಿನ ಮಿತಿ. ಒಂದು ಟೀ ಚಮಚ ಉಪ್ಪು ಸಾಕು, 5 ಗ್ಯಾಲನ್ ನೀರು ಕೆಡಲು. ಅಳೆದು ಹಾಕಿದ ನಮ್ಮ 7.2 ಕಿಲೋ ಕೂಡ 19,000 ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ 6,000 ಲೀಟರಿನ ಮೂರು ಟ್ಯಾಂಕರ್, ಮೇಲೊಂದಿಷ್ಟು. 13 ಚೀಲ ಸುರಿದವರದು ಇದರ 40 ಪಟ್ಟು. ಹೀಗೆ ನೀರಿಗೆ ಸೇರಿದ ಕ್ಲೋರೈಡ್ ತಾನಾಗಿ ಮಾಯವಾಗುವ ವಸ್ತುವಲ್ಲ.

ಉಪ್ಪೇ ಬೇಡವೆಂದು ನೆಲವನ್ನೇ ಬಿಸಿ ಮಾಡಿದ ಊರುಗಳೂ ಇವೆ. ಮಿಷಿಗನ್‌ನ ಹಾಲೆಂಡ್ ಪಟ್ಟಣ 1988ರಲ್ಲಿ ಪೇಟೆಯ ನೆಲದಡಿ ಕೊಳವೆ ಹಾಸಿ, ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುತ್ತಿದ್ದ ಶಾಖದಿಂದ ಬೆಚ್ಚಗಾದ ನೀರನ್ನು ಹರಿಸಿತು. ಐಸ್‌ಲ್ಯಾಂಡಿನಲ್ಲಿ ಇಂಥ ಬಿಸಿ ನೆಲ ಒಟ್ಟು 12 ಲಕ್ಷ ಚದರ ಮೀಟರ್‌ನಷ್ಟಿದೆ, ಬಹುಪಾಲು ರೇಕ್ಯಾವಿಕ್‌ನಲ್ಲಿ. ಅದು ವರ್ಷಕ್ಕೆ ನುಂಗುವ ಶಕ್ತಿ ಸುಮಾರು 43 ಕೋಟಿ ಯೂನಿಟ್, ಅಂದರೆ ಚದರ ಮೀಟರಿಗೆ 358 ಯೂನಿಟ್. ನಮ್ಮ ಸೈಡ್‌ವಾಕಿನ 2.4 ಟನ್ ಹಿಮ ಕರಗಲು ಪುಸ್ತಕದ ಲೆಕ್ಕದಲ್ಲಿ ಚದರ ಮೀಟರಿಗೆ 12 ಯೂನಿಟ್ ಸಾಕು. ಹವೆ ಬೇರೆ ಬೇರೆ, ನಿಜ. ಆದರೂ 30 ಪಟ್ಟಿನ ಅಂತರ! ಗಾಳಿಗೆ ತೆರೆದ ನೆಲವನ್ನು ತಿಂಗಳುಗಟ್ಟಲೆ ಬೆಚ್ಚಗಿಡುವುದಕ್ಕೆ ಹೋಗುವ ಖರ್ಚು ಅದು. ಅವರಿಗೆ ಗಿಟ್ಟುತ್ತದೆ, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಶಾಖ ಮನೆಗಳನ್ನು ಕಾಯಿಸಿ ಹೊರಬಂದ ನೀರಿನದು. ಅದೇ ಪ್ರಮಾಣವನ್ನು ನಮ್ಮ 18.6 ಚದರ ಮೀಟರಿಗೆ ಕರೆಂಟಿನಲ್ಲಿ ಉರಿಸಿದರೆ, ಯೂನಿಟ್ಟಿಗೆ 15 ಸೆಂಟ್ ಹಿಡಿದರೂ ವರ್ಷಕ್ಕೆ ಸುಮಾರು 1,000 ಡಾಲರ್.

ಮಗ್ಗಿನ ಲೆಕ್ಕಕ್ಕೂ ಒಂದು ಗಡಿಯಿದೆ. ಮೈನಸ್ 9ರ ಕೆಳಗೆ ಸಾಮಾನ್ಯ ಉಪ್ಪಿನ ಕೆಲಸ ತೀರಾ ನಿಧಾನ, ಹೆಚ್ಚು ಸುರಿದರೂ ದಾರಿ ಬೇಗ ತೆರವಾಗದು. ಮಿನಿಯಾಪೊಲಿಸ್‌ನಲ್ಲಿ ಜನವರಿಯ ರಾತ್ರಿಗಳ ಸರಾಸರಿಯೇ ಮೈನಸ್ 13. ಕ್ಯಾಲ್ಸಿಯಂ ಕ್ಲೋರೈಡ್ ಆ ಚಳಿಯಲ್ಲೂ ಕೆಲಸ ಮಾಡುತ್ತದೆ, ಬೆಲೆ ಹೆಚ್ಚು, ಕ್ಲೋರೈಡ್ ಮಾತ್ರ ಅದರಲ್ಲೂ ಇದೆ. ಅಂಥ ಬೆಳಗಿಗೆ ಮರಳೇ ಸರಿ. ಅದು ಏನನ್ನೂ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಬಕೆಟ್ ತೆಗೆದುಕೊಂಡು ಹೋದರೆ ನಿವಾಸಿಗಳಿಗೆ ನಗರಾಡಳಿತವೇ ಮರಳನ್ನು ಪುಕ್ಕಟೆ ಕೊಡುತ್ತದೆ. ವಸಂತದಲ್ಲಿ ಚರಂಡಿ ಸೇರುವ ಮುನ್ನ ಗುಡಿಸಿ ತುಂಬಿಟ್ಟುಕೊಂಡರೆ ಮುಂದಿನ ವರ್ಷಕ್ಕೂ ಅದೇ ಬಕೆಟ್.